ಹಾಡಿಗೆ ಮುಂಚಿನ ಮಾತು

ಶಾಲೆಗೆ ರಜ ಬಂದರೆ ಹಾಡಿನ ಟೀಚರಿಗೂ ರಜ ಎಂದುಕೊಂಡವರು ಈ ಮನೆಗೆ ಬಂದು ಒಂದು ವಾರ ಇದ್ದು ನೋಡಬೇಕು. ರಜದ ತಿಂಗಳುಗಳಿಗೆ ಶಾಲೆಯವರು ಸಂಬಳ ಕೊಡುವುದಿಲ್ಲ, ಹೊಟ್ಟೆಗೆ ರಜ ಕೊಡಲು ಬರುವುದಿಲ್ಲ. ಆದ್ದರಿಂದ ಶಾಲೆ ಮುಚ್ಚಿದ ಮರುವಾರವೇ ಟೀಚರಮ್ಮ ಮುಂದಿನ ಕೋಣೆಯ ಸೋಫಾವನ್ನು ಗೋಡೆಗೆ ತಳ್ಳಿ, ಊಟದ ಮೇಜನ್ನು ಅಜ್ಜಿಯ ಕೋಣೆಗೆ ಸಾಗಿಸಿ, ಚಾಪೆ ಹಾಸಿ, ಕೀಬೋರ್ಡು ಇಟ್ಟು, ಸುತ್ತಲಿನ ಬೀದಿಗಳ ಮಕ್ಕಳಿಗೆ ಬೇಸಿಗೆಯ ಹಾಡಿನ ಕ್ಲಾಸು ತೆರೆದಳು. ಬೆಳಿಗ್ಗೆ ಹತ್ತರಿಂದ ಹನ್ನೆರಡು. ಆ ಎರಡು ಗಂಟೆ ಮನೆಯವರು ಹಿಂದಿನ ಬಾಗಿಲಲ್ಲೇ ಓಡಾಡಬೇಕು, ಕುಕ್ಕರ್ ಕೂಗಿಸಬಾರದು, ಕೆಮ್ಮು ಬಂದರೆ ತಾಳಕ್ಕೆ ಸರಿಯಾಗಿ ಕೆಮ್ಮಬೇಕು. ಈ ಕೊನೆಯ ಕಾನೂನನ್ನು ಅಜ್ಜಿಯೇ ಸೇರಿಸಿದ್ದು.

ಅಜ್ಜಿ ಎಂದರೆ ಟೀಚರಮ್ಮನ ಗಂಡನ ತಾಯಿ. ಮಂಡಿ ಹಿಡಿದುಕೊಂಡಿದೆ, ಬಾಯಿ ಹಿಡಿದುಕೊಂಡಿಲ್ಲ. ಗಂಡ ಮುಖ್ಯ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕೂತು ದಿನವಿಡೀ ಜನರಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾನೆ. ಮನೆಗೆ ಬಂದರೆ ಮೂಗಿನ ಕೆಳಗಿರುವ ಉಪ್ಪಿನ ಡಬ್ಬಿ ಅವನಿಗೆ ಕಾಣುವುದಿಲ್ಲ. ಮಗಳಿಗೆ ಒಂಬತ್ತು ವರ್ಷ. ಹುಟ್ಟಿದ ದಿನದ ಅಳು ಕೇಳಿ ಅಜ್ಜಿ ಅವಳಿಗೆ ಪಿಟೀಲು ಎಂದು ಹೆಸರಿಟ್ಟಳು, ಅದೇ ನಿಂತುಬಿಟ್ಟಿತು. ಯಾವುದನ್ನೇ ಆಗಲಿ ಬುಡ ಕಾಣುವವರೆಗೆ ಕೆದಕುವುದು ಪಿಟೀಲಿನ ಜಾಯಮಾನ.

ಆ ಬೇಸಿಗೆ ಮನೆಯಲ್ಲಿ ಇನ್ನೊಂದು ವಿಷಯ ಒಲೆಯ ಮೇಲಿತ್ತು. ಪಿಟೀಲಿನ ಅಪ್ಪನ ಅಕ್ಕ, ಬೇರೆ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೊಲಿಗೆ ಅತ್ತೆ, ಫೋನ್ ಮಾಡಿ ಒಂದು ಮಾತು ಹೇಳಿದ್ದಳು. ಆಕೆಗೆ ಮಕ್ಕಳಿಲ್ಲ, ಮನೆ ದೊಡ್ಡದು, ಬೀದಿಯ ತುದಿಯಲ್ಲೇ ಒಳ್ಳೆಯ ಶಾಲೆ, ಪಿಟೀಲು ತನ್ನ ಹತ್ತಿರವೇ ಇದ್ದು ಓದಲಿ ಎಂದು.

"ಅತ್ತಿಗೆ ಹೇಳೋದರಲ್ಲಿ ತಪ್ಪೇನಿಲ್ಲ ಅಂತ ನನಗೂ ಗೊತ್ತು," ಎಂದು ಟೀಚರಮ್ಮ ಊಟಕ್ಕೆ ಕೂತಾಗ ಹೇಳಿದಳು. "ತಪ್ಪಿಲ್ಲ. ಆದರೆ ನಾನು ಕಳಿಸಲ್ಲ."

"ನಾನೆಲ್ಲಿ ಕಳಿಸು ಅಂದೆ?" ಎಂದ ಅಪ್ಪ. "ನಾವಿಬ್ಬರೂ ಬೆಳಗಾದರೆ ಓಡ್ತೀವಿ. ಶಾಲೆಯಿಂದ ಬಂದರೆ ಮಗುವಿಗೆ ಬಾಗಿಲು ತೆಗೆಯೋಕೆ ಅಮ್ಮ ಕುರ್ಚಿಯಿಂದ ಏಳೋ ಹೊತ್ತಿಗೆ ಅದು ಕಾಂಪೌಂಡ್ ಹಾರಿ ಒಳಗೆ ಬಂದಿರುತ್ತೆ. ಅದಕ್ಕೇ ಅಕ್ಕ ಕೇಳಿದ್ದು, ಅಷ್ಟೇ."

"ನನ್ನ ಮಂಡೀನ ಮಧ್ಯ ತರಬೇಡ," ಎಂದಳು ಅಜ್ಜಿ.

"ಅಕ್ಕ ರಜ ಮುಗಿಯೋದರೊಳಗೆ ಬರ್ತಾಳೆ. ಆವಾಗ ಪಿಟೀಲನ್ನೇ ಕೇಳೋಣ, ಅವಳಿಗಿಷ್ಟ ಇದ್ದರೆ ಹೋಗಲಿ, ಇಲ್ಲದಿದ್ದರೆ ಇಲ್ಲ."

ಎಲ್ಲರೂ ಪಿಟೀಲಿನ ಕಡೆ ನೋಡಿದರು. ಅವಳು ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಿಳಿಯಿಂದ ಬೇರೆ ಮಾಡುತ್ತ ಕೂತಿದ್ದಳು. ಟೀಚರಮ್ಮನಿಗೆ ಆಗಲೇ ಕೇಳಬೇಕೆನಿಸಿತು, ಆದರೆ ಮಗಳು ಏನೆಂದುಬಿಡುತ್ತಾಳೋ ಎಂಬ ಭಯಕ್ಕೆ ಕೇಳಲಿಲ್ಲ. ಬದಲಿಗೆ, "ಆಟ ಆಡದೆ ತಿನ್ನು, ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಗದರಿದಳು.

ಪಿಟೀಲು ಹಾಡಿನ ಕ್ಲಾಸಿನಲ್ಲಿ ಇರಲಿಲ್ಲ. ಹೋದ ವರ್ಷ ಟೀಚರಮ್ಮ ಮಗಳಿಗೂ ಕಲಿಸಲು ಹೋಗಿ ಇಬ್ಬರೂ ಅತ್ತು ಎದ್ದಿದ್ದರು. ಹೀಗಾಗಿ ಈ ಬೇಸಿಗೆ ಅವಳ ಕೆಲಸ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುವುದು. ನೋಡುತ್ತ ನೋಡುತ್ತ ಅವಳಿಗೆ ಒಂದು ಸೋಜಿಗ ಹುಟ್ಟಿತು. ಬೇಕರಿಯವನ ಮಗ ಒಂದೇ ಸಾಲನ್ನು ಹತ್ತು ಸಲ ತಪ್ಪು ಹಾಡಿದ. ಹತ್ತು ಸಲವೂ ಅಮ್ಮ ನಕ್ಕು, "ಪರವಾಗಿಲ್ಲ, ಬಂತು ಬಂತು, ಇನ್ನೊಂದ್ಸಲ," ಎಂದಳು. ಇನ್ನೊಂದು ಮಗು ಚಾಪೆಯ ಮೇಲೆ ನೀರು ಚೆಲ್ಲಿತು. "ಪರವಾಗಿಲ್ಲ, ನೀರು ತಾನೆ." ಹನ್ನೆರಡು ಹೊಡೆಯಿತು, ಮಕ್ಕಳು ಹೋದರು, ಅಮ್ಮ ಅಡುಗೆಮನೆಗೆ ಬಂದಳು. ಬಂದವಳೇ, "ಈ ಲೋಟ ಇಲ್ಲಿ ಯಾರು ಇಟ್ಟಿದ್ದು?" ಎಂದು ಕೂಗಿದಳು. ಒಬ್ಬಳೇ ಹೆಂಗಸು, ಒಂದೇ ಬಾಗಿಲು. ಅವಳು ಬದಲಾಗುವುದು ಎಲ್ಲಿ ಎಂದು ಕಂಡುಹಿಡಿಯಲು ಪಿಟೀಲು ಮೂರು ದಿನ ಹೊಸಿಲಿನ ಹತ್ತಿರವೇ ಕೂತಳು.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಹಾಡಿಗೆ ಮುಂಚಿನ ಮಾತು. ಅದು ಟೀಚರಮ್ಮನದೇ ಪದ್ಧತಿ. ಹಾಡು ಶುರುವಾಗುವ ಮೊದಲು ಮಕ್ಕಳು ಒಬ್ಬೊಬ್ಬರಾಗಿ ಕೀಬೋರ್ಡಿನ ಬಳಿ ಬಂದು ಮಿಸ್ಸಿನ ಕಿವಿಯಲ್ಲಿ ತಮ್ಮ ಹೊಟ್ಟೆಯೊಳಗಿನ ಒಂದು ಮಾತು ಹೇಳಬೇಕು. ಏನಾದರೂ ಸರಿ. ಹೊಟ್ಟೆಯಲ್ಲಿ ಮಾತಿಟ್ಟುಕೊಂಡು ಹಾಡಿದರೆ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ ಎಂಬುದು ಟೀಚರಮ್ಮನ ಸಿದ್ಧಾಂತ. ಅದಕ್ಕೆ ಎರಡು ನಿಯಮ. ಮಿಸ್ ಬೈಯುವುದಿಲ್ಲ. ಮಿಸ್ ಯಾರ ಮನೆಯಲ್ಲೂ ಹೇಳುವುದಿಲ್ಲ. ಬೇಕರಿಯವನ ಹೆಂಡತಿ ಒಮ್ಮೆ ಬಾಗಿಲಲ್ಲೇ ತಡೆದು, "ನಮ್ಮ ಹುಡುಗ ದಿನಾ ನಿಮ್ಮ ಕಿವೀಲಿ ಏನು ಊದ್ತಾನೆ, ಸ್ವಲ್ಪ ಹೇಳಿ," ಎಂದು ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಮುಂದಿಟ್ಟಳು. ಟೀಚರಮ್ಮ ಪೊಟ್ಟಣ ವಾಪಸು ಕೊಟ್ಟು, "ಅದು ನನ್ನ ಹತ್ರ ಇಟ್ಟಿರೋದು, ಕೊಡೋಕೆ ಬರಲ್ಲ," ಎಂದಳು. ಬಿಸ್ಕತ್ತು ಹೋದದ್ದಕ್ಕೆ ಅಜ್ಜಿ ಎರಡು ದಿನ ಕೊರಗಿದಳು.

ಅದಾದ ವಾರ ಪಿಟೀಲಿನ ಕೈಯಿಂದ ದೊಡ್ಡ ಗಾಜಿನ ಬಟ್ಟಲು ಜಾರಿ ಬಿದ್ದು ಒಡೆಯಿತು. ಚೂರುಗಳನ್ನು ಗುಡಿಸಿ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದಳು. ಮುಖ ತೊಳೆದು, ಹಿಂದಿನ ಬಾಗಿಲಿಂದ ಹೊರಟು, ಮನೆ ಸುತ್ತಿ ಬಂದು ಮುಂದಿನ ಬಾಗಿಲು ತಟ್ಟಿದಳು. ಒಳಗೆ ಮಕ್ಕಳ ಸಾಲು ನಡೆದಿತ್ತು. ಅವಳೂ ಸಾಲಿನ ಕೊನೆಗೆ ನಿಂತಳು. ಮಕ್ಕಳೆದುರು ಗದರಲಾಗದೆ ಟೀಚರಮ್ಮ ಮುಂದಿನ ಮಗುವಿಗೆ ಕಿವಿ ಕೊಟ್ಟಳು. ಪಿಟೀಲಿನ ಸರದಿ ಬಂತು.

"ಮಿಸ್, ನಾನು ನಮ್ಮಮ್ಮನ ಗಾಜಿನ ಬಟ್ಟಲು ಒಡೆದು ಹಾಕಿದೀನಿ."

ಟೀಚರಮ್ಮನ ಮುಖ ಮೊದಲು ಕೆಂಪಾಯಿತು. ಬಾಯಿ ತೆರೆಯಿತು. ಇಪ್ಪತ್ತು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು.

"ಪರವಾಗಿಲ್ಲ," ಎಂದಳು, ಬಟ್ಟಲೇ ಗಂಟಲಲ್ಲಿ ಸಿಕ್ಕಿಕೊಂಡಂತೆ. "ಕೈಗೇನೂ ಆಗಿಲ್ಲ ತಾನೆ?"

"ಇಲ್ಲ ಮಿಸ್. ನಮ್ಮಮ್ಮನಿಗೆ ಹೇಳ್ತೀರಾ?"

"ಹೇಳಲ್ಲ."

ಹನ್ನೆರಡಾದ ಮೇಲೆ ಪಿಟೀಲು ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಕಾದಳು. ಟೀಚರಮ್ಮ ಕಪಾಟು ತೆರೆದಳು, ಬಟ್ಟಲಿದ್ದ ಖಾಲಿ ಜಾಗ ನೋಡಿದಳು, ಮುಚ್ಚಿದಳು.

"ಏನು ಹುಡುಕ್ತಿದೀಯಮ್ಮ?"

"ಏನಿಲ್ಲ."

ಐದು ನಿಮಿಷ ಕಳೆದ ಮೇಲೆ ಕುರ್ಚಿಯ ಮೇಲೆ ಬಿದ್ದಿದ್ದ ಒದ್ದೆ ಟವೆಲ್ಲು ಕಣ್ಣಿಗೆ ಬಿತ್ತು. ಅದು ಅಪ್ಪನ ಟವೆಲ್ಲು. ಅಪ್ಪನಿಗೆ ಅಂಗಡಿಗೆ ಫೋನ್ ಮಾಡಿ ಬೈದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅಜ್ಜಿ ಗೊಣಗಿದಳೇ ಹೊರತು, ಜ್ವರ ಬಂದ ಎತ್ತು ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ಸಂಜೆ ಪಿಟೀಲೇ ಅವಳಿಗೆ ಎಲ್ಲ ಹೇಳಿದಳು.

ಗುಟ್ಟು ರಟ್ಟಾದ ಮೇಲೆ ಕೇಳಬೇಕೆ? ಮೂರನೇ ದಿನ ಅಜ್ಜಿ ಕೋಲೂರಿಕೊಂಡು ಮುಂದಿನ ಕೋಣೆಗೆ ಬಂದು, ಮಕ್ಕಳ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸರದಿ ಬಂದಾಗ, ಡಾಕ್ಟರು ಬೇಡವೆಂದ ಸಕ್ಕರೆಯನ್ನು ತಾನು ದಿನಾ ಒಂದು ಚಮಚ ತಿನ್ನುತ್ತಿರುವುದಾಗಿ ಸೊಸೆಯ ಕಿವಿಯಲ್ಲಿ ಒಪ್ಪಿಕೊಂಡಳು.

"ಒಂದೇ ಚಮಚಾನಾ?" ಎಂದಳು ಟೀಚರಮ್ಮ ಹಲ್ಲು ಕಚ್ಚಿ.

"ಚಮಚ ಸ್ವಲ್ಪ ದೊಡ್ಡದು, ಮಿಸ್."

ಅಜ್ಜಿಯ ದಾರಿಯಲ್ಲಿ ಮಗನೂ ಬಂದ. ಒಂದು ಶನಿವಾರ ಅಂಗಡಿಗೆ ತಡವಾಗಿ ಹೋಗುತ್ತೇನೆಂದು ಉಳಿದು, ಶರ್ಟು ಇಸ್ತ್ರಿ ಮಾಡಿಕೊಂಡು, ಬೇಕರಿಯವನ ಮಗನ ಹಿಂದೆ ನಿಂತ. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಬಗ್ಗಿ ಹೇಳಿದ: "ಅಕ್ಕನಿಗೆ ಮುಂದಿನ ವಾರ ಬಾ ಅಂದುಬಿಟ್ಟೆ. ಟಿಕೆಟ್ ಆಗಿದೆಯಂತೆ. ಬೈಬೇಡ."

ಟೀಚರಮ್ಮ ಬೈಯಲಿಲ್ಲ. ಮಕ್ಕಳಿಗೆ ಹಾಡು ಹೇಳಿಕೊಟ್ಟಳು, ಚಪ್ಪಾಳೆಯ ಆಟ ಆಡಿಸಿದಳು, ಎಲ್ಲರನ್ನೂ ಬಾಗಿಲವರೆಗೆ ಬಿಟ್ಟು ಬಂದಳು. ಊಟಕ್ಕೆ ಎಲ್ಲರೂ ಕೂತ ಮೇಲೆ ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಾಳೆಯಿಂದ ಈ ಮನೆಯವರು ಯಾರೂ ಆ ಕೋಣೆಗೆ ಕಾಲಿಡಬಾರದು. ಮಿಸ್ಸಿಗೆ ಹೇಳೋ ಮಾತಿದ್ದರೆ ನುಂಗಿಕೊಳ್ಳಿ."

"ನಿನಗೆ ಹೇಳಿದರೆ ಹಾರಾಡ್ತೀಯಲ್ಲ," ಎಂದ ಅಪ್ಪ. "ಅಲ್ಲಾದರೆ ಕೇಳಿಸಿಕೊಳ್ತೀಯ."

"ಹೊರಗಿನವರಿಗೆ ಜೇನು, ಮನೆಯವರಿಗೆ ಬೇವು," ಎಂದು ಅಜ್ಜಿ ಅನ್ನಕ್ಕೆ ಕೈ ಹಾಕಿದಳು. "ನಾನು ಹೇಳಿದ್ದಲ್ಲ, ಗಾದೆ."

"ಇದ್ಯಾವ ಗಾದೆ? ಈಗ ತಾನೇ ಕಟ್ಟಿದ್ದು ನೀವು." ಟೀಚರಮ್ಮ ಕೂತಲ್ಲಿಂದ ಎದ್ದಳು. "ನಾನೇನು ರಾಕ್ಷಸೀನಾ? ಬೆಳಿಗ್ಗೆಯಿಂದ ಇಪ್ಪತ್ತು ಮಕ್ಕಳಿಗೆ ಪರವಾಗಿಲ್ಲ, ಪರವಾಗಿಲ್ಲ ಅಂತ ಹಂಚಿ ಹಂಚಿ ಒಳಗೆ ಬರೋ ಹೊತ್ತಿಗೆ ನನ್ನ ಹತ್ರ ಒಂದೂ ಉಳಿದಿರಲ್ಲ. ನಾನು ಅನ್ನ ತಳ ಹತ್ತಿಸಿದಾಗ ಪರವಾಗಿಲ್ಲ ಅಂತ ಈ ಮನೇಲಿ ಯಾರಾದರೂ ಅಂದಿದೀರಾ? ಒಬ್ಬರಾದರೂ?"

ಯಾರೂ ಅಂದಿರಲಿಲ್ಲ. ಅಪ್ಪ ತಟ್ಟೆ ನೋಡಿದ. ಆ ದಿನವೂ ಅನ್ನ ಸ್ವಲ್ಪ ತಳ ಹತ್ತಿತ್ತು, ಅವನು ಏನೂ ಅನ್ನದೆ ಅದನ್ನೇ ಎರಡನೇ ಸಲ ಹಾಕಿಸಿಕೊಂಡು ತಿಂದ. ಟೀಚರಮ್ಮನಿಗೆ ಅದು ಕಂಡಿತು, ಆದರೆ ಸಿಟ್ಟು ಇಳಿಯಲಿಲ್ಲ.

ಅಲ್ಲಿಂದ ಮುಂದಿನ ದಿನಗಳಲ್ಲಿ ಮನೆ ತುಂಬ ವಿನಯದಿಂದ ನಡೆಯಿತು, ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ. ಅಪ್ಪ ಟವೆಲ್ಲು ಹರವಿದ. ಅಜ್ಜಿ ಸಕ್ಕರೆ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮಧ್ಯದಲ್ಲಿಟ್ಟು ಅದನ್ನೇ ನೋಡುತ್ತ ಟೀ ಕುಡಿದಳು. ಪಿಟೀಲು ತನ್ನ ತಟ್ಟೆ ತಾನೇ ತೊಳೆದಳು. ಟೀಚರಮ್ಮನೂ ಪ್ರಯತ್ನ ಮಾಡಿದಳು. ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದಾಗ, ಕಾಯಲು ಕೂರಿಸಿದ್ದ ಮಗಳ ಕಡೆ ತಿರುಗಿ "ಪರ..." ಎನ್ನುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿದು, "ಪರಧ್ಯಾನ ಏನೇ ನಿನಗೆ?" ಎಂದು ಕೂಗಿಬಿಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ತನ್ನ ಬಗ್ಗೆ ತನಗೇ ಬೇಸರವಾಗಿತ್ತು.

ಹೊಲಿಗೆ ಅತ್ತೆ ಬಂದಳು. ಅವಳನ್ನು ದ್ವೇಷಿಸಲು ಸಾಧ್ಯವಾಗಿದ್ದರೆ ಟೀಚರಮ್ಮನಿಗೆ ಎಷ್ಟೋ ಸುಲಭವಾಗುತ್ತಿತ್ತು. ಬಂದ ದಿನವೇ ಅಜ್ಜಿಯ ದಿಂಬಿನ ಚೀಲಗಳನ್ನು ಹೊಲಿದುಕೊಟ್ಟಳು, ಅಡುಗೆಮನೆಯ ಪರದೆಯ ಹರಿದ ಅಂಚು ಮಡಿಸಿದಳು, ಟೀಚರಮ್ಮನಿಗೆ ಬಿಸಿ ನೀರಿನ ಲೋಟ ತಂದುಕೊಟ್ಟು, "ಗಂಟಲು ನೋಡಿಕೊಳ್ಳೇ, ಅದೇ ನಿನ್ನ ಹೊಲಿಗೆ ಮಷೀನು," ಎಂದಳು. ಚೀಲದಲ್ಲಿ ನೀಲಿ ಬಟ್ಟೆಯ ತುಂಡೊಂದಿತ್ತು. ಅವಳ ಬೀದಿಯ ಶಾಲೆಯ ಸಮವಸ್ತ್ರದ ಬಣ್ಣವಂತೆ.

"ಬಲವಂತ ಏನಿಲ್ಲ ಕಣೇ. ಅಳತೆ ತಗೊಂಡಿರ್ತೀನಿ. ಬರದಿದ್ದರೆ ದಿಂಬಿಗಾಗುತ್ತೆ."

ಪಿಟೀಲು ಬೆನ್ನು ನೆಟ್ಟಗೆ ಮಾಡಿ ನಿಂತಳು. ಅತ್ತೆ ಟೇಪು ಹಿಡಿದು ಭುಜ, ತೋಳು, ಸೊಂಟ ಅಳೆದಳು. ಮಗಳು ಒಂದಿಷ್ಟೂ ಕೊಸರಾಡದೆ ನಿಂತದ್ದನ್ನು ಟೀಚರಮ್ಮ ಬಾಗಿಲಿಂದ ನೋಡಿದಳು. ತಾನು ತಲೆ ಬಾಚಲು ಹಿಡಿದರೆ ಹಾವಿನಂತೆ ಜಾರುವ ಹುಡುಗಿ. ಟೀಚರಮ್ಮ ಒಳಗೆ ಹೋಗಿ ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸಿದಳು.

ಮರುದಿನ ಕ್ಲಾಸಿನ ಹೊತ್ತಿಗೆ ಮುಂದಿನ ಬಾಗಿಲು ಸದ್ದಾಯಿತು. ಪಿಟೀಲು ಚಪ್ಪಲಿಯನ್ನು ಉಳಿದ ಮಕ್ಕಳ ಚಪ್ಪಲಿಗಳ ಪಕ್ಕ ಜೋಡಿಸಿಟ್ಟು ನಿಂತಿದ್ದಳು.

"ಮನೆಯವರು ಬರೋ ಹಾಗಿಲ್ಲ ಅಂತ ಹೇಳಿದ್ದೆ," ಎಂದಳು ಟೀಚರಮ್ಮ ಮೆಲ್ಲಗೆ.

"ಒಂದೇ ಮಾತು, ಮಿಸ್. ಹೇಳಿ ಹೋಗ್ತೀನಿ. ಹಾಡಲ್ಲ."

ಬೇಕರಿಯವನ ಮಗ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ. ಪಿಟೀಲು ಹತ್ತಿರ ಬಂದು, ಅಮ್ಮನ ಕಿವಿಯ ಮೇಲಿನ ಕೂದಲನ್ನು ಬೆರಳಿಂದ ಸರಿಸಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಮಿಸ್, ನಾನು ಅತ್ತೆ ಜೊತೆ ಹೋಗ್ತೀನಿ ಅಂತ ಅತ್ತೆಗೆ ಹೇಳಿಬಿಟ್ಟಿದೀನಿ. ನಾಳೆ ಬೆಳಿಗ್ಗೆ ರೈಲಿಗೆ."

ಟೀಚರಮ್ಮನ ಕೈ ಕೀಬೋರ್ಡಿನ ಮೇಲಿತ್ತು. ಅಲ್ಲೇ ಉಳಿಯಿತು. "ಯಾಕೆ?" ಎಂದಳು. ಅವಳು ಬೇರೆ ಯಾವ ಮಗುವನ್ನೂ ಯಾಕೆ ಎಂದು ಕೇಳಿದವಳಲ್ಲ.

"ನೀವು ಬೇರೆ ಮನೆ ಮಕ್ಕಳಿಗೆ ಬೈಯಲ್ಲ. ನಾನು ಎಲ್ಲಾ ನೋಡಿದೀನಿ. ಅತ್ತೆ ಮನೇಲಿದ್ದರೆ ನಾನೂ ಬೇರೆ ಮನೆ ಮಗು ಆಗ್ತೀನಲ್ಲ. ಆಮೇಲೆ ರಜಕ್ಕೆ ಇಲ್ಲಿಗೆ ಬರ್ತೀನಿ." ಸ್ವಲ್ಪ ತಡೆದು, "ನಮ್ಮಮ್ಮನಿಗೆ ಹೇಳಬೇಡಿ, ಮಿಸ್. ಅತ್ತೆ ರಾತ್ರಿ ಊಟಕ್ಕೆ ಕೂತಾಗ ಹೇಳ್ತಾರಂತೆ," ಎಂದಳು.

ಬೈಯುವುದಿಲ್ಲ, ಹೇಳುವುದಿಲ್ಲ. ನಿಯಮ ಮಾಡಿದವಳು ಅವಳೇ. ಟೀಚರಮ್ಮ ಆಗಲಿ ಎಂದು ತಲೆಯಾಡಿಸಿದಳು. ಪಿಟೀಲು ಚಪ್ಪಲಿ ಹಾಕಿಕೊಂಡು ಮನೆ ಸುತ್ತಿ ಹಿಂದಿನ ಬಾಗಿಲಿಗೆ ಹೋದಳು. ಕ್ಲಾಸು ನಡೆಯಿತು. ಮಿಸ್ ಶುರುಮಾಡಿಕೊಟ್ಟ ಸ್ವರ ತೀರಾ ಮೇಲಿತ್ತು, ಮಕ್ಕಳ ದನಿ ಅಲ್ಲಿಗೆ ಹತ್ತದೆ ಅರ್ಧದಲ್ಲೇ ಒಡೆಯಿತು. "ಮಿಸ್, ಇದು ತುಂಬಾ ಎತ್ತರ," ಎಂದ ಬೇಕರಿಯವನ ಮಗ. ಎಷ್ಟು ಕೆಳಗಿಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಆ ಮಧ್ಯಾಹ್ನವಿಡೀ ಅವಳು ಒಂದು ಮಾತೂ ಜೋರಾಗಿ ಆಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಬಣ್ಣದ ಪೆನ್ಸಿಲುಗಳನ್ನು ತಾನೇ ಎತ್ತಿಟ್ಟಳು. ಅಪ್ಪ ಅಂಗಡಿಯಿಂದ ಬಂದು, ತರಲು ಹೇಳಿದ್ದ ಬ್ರೆಡ್ಡು ಮರೆತೆನೆಂದಾಗ, "ಸರಿ," ಎಂದಳು. ಅಪ್ಪನಿಗೆ ಗಾಬರಿಯಾಯಿತು.

"ಹುಷಾರಿಲ್ವಾ ನಿನಗೆ?"

"ಚೆನ್ನಾಗಿದೀನಿ."

"ಏನೋ ಆಗಿದೆ. ಯಾರಾದರೂ ಏನಾದರೂ ಅಂದರಾ?"

"ಯಾರೂ ಏನೂ ಅಂದಿಲ್ಲರೀ," ಎಂದಳು. ಗಂಡನ ಕೈ ಹಿಡಿದು ಎಲ್ಲವನ್ನೂ ಹೇಳಿಬಿಡಬೇಕು ಎನಿಸುತ್ತಿತ್ತು. ಹೇಳಿದರೆ ಅವನು ಮಗಳನ್ನು ಕರೆದು ಕೇಳುತ್ತಾನೆ, ಮಿಸ್ ಮಾತಿಗೆ ತಪ್ಪಿದಳೆಂದು ಮಗಳಿಗೆ ಗೊತ್ತಾಗುತ್ತದೆ. ಮಗಳಿಗೆ ಈ ಮನೆಯಲ್ಲಿ ನಂಬಿಕೆ ಇರುವುದು ಮಿಸ್ ಎಂಬ ಆ ಒಬ್ಬ ಹೆಂಗಸಿನ ಮೇಲೆ ಮಾತ್ರ. ಅವಳನ್ನೂ ಕಳೆದರೆ ಉಳಿಯುವುದೇನು?

ಸಂಜೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ನಿಂತಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಅತ್ತೆ ಅಜ್ಜಿಗೆ ಸೂಜಿಗೆ ದಾರ ಪೋಣಿಸುವುದನ್ನು ತೋರಿಸುತ್ತಿದ್ದಳು, ಅಜ್ಜಿ ಮಗ ಕೊಟ್ಟ ಕನ್ನಡಕವನ್ನು ಬೈಯುತ್ತಿದ್ದಳು. ಪಿಟೀಲು ನೀರು ಕುಡಿಯಲು ಬಂದವಳು ಅಲ್ಲೇ ನಿಂತಳು. ಅಮ್ಮನ ಕಣ್ಣಿಂದ ನೀರು ಇಳಿದು ಗದ್ದದಿಂದ ಆಲೂಗಡ್ಡೆಯ ಮೇಲೆ ಬೀಳುತ್ತಿತ್ತು. ಪಿಟೀಲು ಬುಟ್ಟಿಯೊಳಗೆ ಇಣುಕಿದಳು. ಈರುಳ್ಳಿ ಇರಲಿಲ್ಲ.

"ಅಮ್ಮಾ, ನಿನಗೆ ಯಾರಾದರೂ ಏನಾದರೂ ಹೇಳಿದರಾ?"

"ಇಲ್ಲ. ನನಗೆ ಯಾರೂ ಏನೂ ಹೇಳಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದರೆ ಯಾಕೆ ಅಳ್ತಿದೀಯ?"

ಟೀಚರಮ್ಮ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. ಪಿಟೀಲು ಅವಳನ್ನು ನೋಡುತ್ತಲೇ ನಿಂತಳು. ಗೊತ್ತಿರುವುದು ಮಿಸ್ಸಿಗೆ, ಅಮ್ಮನಿಗಲ್ಲ. ಬೈಯಲು ಬರುತ್ತಿದ್ದ ಬಾಯಿ ಮುಚ್ಚಿಕೊಂಡು, ಕೇಳಬೇಕಾದದ್ದನ್ನು ಕೇಳದೆ ಅಳುತ್ತಿರುವುದು ಅಮ್ಮ. ಇಡೀ ಬೇಸಿಗೆ ಹೊಸಿಲಿನ ಹತ್ತಿರ ಕೂತು ಅವಳು ಹುಡುಕಿದ್ದ ಎರಡನೆಯ ಹೆಂಗಸು ಎಲ್ಲೂ ಇರಲಿಲ್ಲ. ಪಿಟೀಲಿಗೆ ಅಮ್ಮನ ಮೇಲೆ ತುಂಬ ಕನಿಕರ ಬಂತು. ಸ್ವಲ್ಪ ಹೆದರಿಕೆಯೂ ಆಯಿತು. ಹತ್ತಿರ ಬಂದು, ಈ ಸಲ ಕಿವಿಯಲ್ಲಲ್ಲದೆ ಎದುರಿಗೇ ನಿಂತು ಹೇಳಿದಳು.

"ನಾನು ಅತ್ತೆ ಜೊತೆ ಹೋಗ್ತೀನಿ ಅಂತ ಹೇಳಿದೀನಿ. ನಾಳೆ."

ಚಾಕು ಸಿಂಕಿನಲ್ಲಿ ಬಿತ್ತು.

"ಹೋಗ್ತೀಯಾ?" ಎಂದಳು ಟೀಚರಮ್ಮ. ಬೆಳಿಗ್ಗೆಯಿಂದ ಕಟ್ಟಿಟ್ಟಿದ್ದೆಲ್ಲ ಒಟ್ಟಿಗೆ ಹೊರಬಂತು. "ಯಾರನ್ನ ಕೇಳಿ ಹೋಗ್ತೀಯ? ನಿನ್ನ ತಲೆ ಬಾಚೋದು ಯಾರು ಅಲ್ಲಿ? ಜ್ವರ ಬಂದರೆ ಯಾರ ಮೇಲೆ ಕಾಲು ಹಾಕಿಕೊಂಡು ಮಲಗ್ತೀಯ? ಎಲ್ಲಿಗೂ ಹೋಗೋದು ಬೇಡ, ಕೇಳಿಸ್ತಾ? ಎಲ್ಲಿಗೂ ಬೇಡ."

"ಕೇಳಿಸ್ತಿದೆ," ಎಂದಳು ಪಿಟೀಲು. ಅವಳ ಕಣ್ಣಲ್ಲೂ ನೀರಿತ್ತು. "ಆ ಮಕ್ಕಳಿಗೆಲ್ಲ ಅಷ್ಟು ಮೆಲ್ಲಗೆ ಹೇಳ್ತೀಯ. ನನಗೆ ಮಾತ್ರ ಯಾಕೆ ಹೀಗೆ?"

ಟೀಚರಮ್ಮ ಸೆರಗಿಗೆ ಕೈ ಒರೆಸಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಮಗಳ ಎತ್ತರಕ್ಕೆ ಬಂದಳು.

"ಅವರು ಹನ್ನೆರಡು ಗಂಟೆಗೆ ಮನೆಗೆ ಹೋಗ್ತಾರೆ ಕಣೇ," ಎಂದಳು. "ನೀನೂ ಹೋಗಬಹುದು ಅಂತ ನನಗೆ ಗೊತ್ತೇ ಇರಲಿಲ್ಲ."

ಪಿಟೀಲು ಅಮ್ಮನ ಗದ್ದ ಒರೆಸಿ, ನಾಳೆ ರೈಲಿಗೆ ಬರುವುದಿಲ್ಲವೆಂದು ಅತ್ತೆಗೆ ಹೇಳಲು ತಾನೊಬ್ಬಳೇ ಮುಂದಿನ ಕೋಣೆಗೆ ಹೋದಳು.